ರೊಟ್ಟಿಯ ನಾಡಿನಲ್ಲಿ ರೊಟ್ಟಿ ಬಿಡುವ ಮಾತು



ಈಚಿನ ಕೆಲವು ವರ್ಷಗಳಿಂದ ನಮ್ಮ ಭಾಗದ ಊಟದ ಪಂಕ್ತಿಗಳಲ್ಲಿ ಒಂದು ಹೊಸ ಮಾತು ಕೇಳಿಬರುತ್ತಿದೆ. ರೊಟ್ಟಿ ಬಡಿಸುವವರು ಎದುರಿಗೆ ಬಂದೊಡನೆ ಎಲೆಯ ಮೇಲೆ ಅಂಗೈ ಅಡ್ಡ ಹಿಡಿದು, "ಬ್ಯಾಡ್ರಿ, ನಾ ಕೀಟೋ ಮಾಡಾಕತ್ತೇನಿ" ಎನ್ನುವವರು ಗದಗಿನಲ್ಲಿಯೂ ಇದ್ದಾರೆ, ಲಕ್ಷ್ಮೇಶ್ವರದಲ್ಲಿಯೂ ಇದ್ದಾರೆ. ಮುಂಡರಗಿಯ ಒಂದು ಗೃಹಪ್ರವೇಶದಲ್ಲಿ ಒಂದೇ ಸಾಲಿನಲ್ಲಿ ಮೂವರನ್ನು ಕಂಡೆ. ಮೂವರೂ ನನ್ನ ಕೈಯಲ್ಲಿ ಕಲಿತವರೇ! ಅವರ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು, "ನಮ್ಮ ಹಿರ್ಯಾರು ರೊಟ್ಟಿ ತಿಂದು ನೂರು ವರ್ಷ ಬಾಳಿದ್ರು, ಇದೆಲ್ಲಾ ಪರದೇಶದ ಹುಚ್ಚು" ಎಂದು ಗೊಣಗಿದರು. ಆ ಹುಡುಗರ ಪ್ರಕಾರ ರೊಟ್ಟಿಯೇ ಶತ್ರು; ಈ ಹಿರಿಯರ ಪ್ರಕಾರ ರೊಟ್ಟಿಯೇ ಔಷಧ. ಎರಡು ಕಡೆಯವರೂ ಇತಿಹಾಸವನ್ನೇ ಸಾಕ್ಷಿಗೆ ಕರೆಯುವುದನ್ನು ಕಂಡು, ಇಷ್ಟು ಕಾಲ ಇತಿಹಾಸ ಪಾಠ ಹೇಳಿದ ನಾನು ಸುಮ್ಮನಿರುವುದು ಸರಿಯಲ್ಲವೆನಿಸಿತು. ನಾನು ವೈದ್ಯನಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಕೀಟೋ ಪಥ್ಯವೆಂದರೆ ಏನು? ನಾವು ತಿನ್ನುವ ಅನ್ನ, ರೊಟ್ಟಿ, ಚಪಾತಿ, ಬೆಲ್ಲ, ಸಕ್ಕರೆಗಳಲ್ಲಿರುವ ಪಿಷ್ಟ ಮತ್ತು ಸಕ್ಕರೆಯ ಅಂಶವನ್ನು ದಿನಕ್ಕೆ 20ರಿಂದ 50 ಗ್ರಾಮಿನೊಳಗೆ ಇಳಿಸಿ, ಹೊಟ್ಟೆಯ ಉಳಿದ ಭಾಗವನ್ನು ಮುಖ್ಯವಾಗಿ ಕೊಬ್ಬಿನಿಂದ ತುಂಬುವುದು. ಆಗ ಯಕೃತ್ತಿನಲ್ಲಿ ಕೂಡಿಟ್ಟ ಪಿಷ್ಟ ಒಂದೆರಡು ದಿನಗಳಲ್ಲಿ ಖರ್ಚಾಗುತ್ತದೆ. ಬೇರೆ ದಾರಿ ಕಾಣದ ದೇಹ ಕೊಬ್ಬನ್ನು ಕರಗಿಸಿ ಕೀಟೋನ್ ಎಂಬ ವಸ್ತುಗಳನ್ನು ತಯಾರಿಸುತ್ತದೆ. ಮಿದುಳು ಸಹ ಅವುಗಳಿಂದಲೇ ಬಹುಮಟ್ಟಿಗೆ ಕೆಲಸ ನಡೆಸಿಕೊಳ್ಳುತ್ತದೆ. ಮೊದಲ ವಾರದಲ್ಲಿ ತೂಕ ಸರ್ರನೆ ಇಳಿಯುವುದನ್ನು ಕಂಡು ಹಿಗ್ಗುವವರು ಒಂದು ಮಾತು ತಿಳಿದಿರಬೇಕು. ಕೂಡಿಟ್ಟ ಪಿಷ್ಟದ ಜೊತೆಗೆ ದೇಹ ಅದರ ಮೂರು ಪಟ್ಟಿನಷ್ಟು ನೀರನ್ನೂ ಹಿಡಿದಿಟ್ಟಿರುತ್ತದೆ; ಮೊದಲು ಹೋಗುವುದು ಬಹುಪಾಲು ಆ ನೀರೇ. ಇನ್ನು ನಮ್ಮ ಲೆಕ್ಕ ನೋಡಿ: 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 35 ಗ್ರಾಂ ಪಿಷ್ಟ ಇರುತ್ತದೆ. ಅಂದರೆ ಒಂದು ರೊಟ್ಟಿ ತಿಂದರೆ ಆ ದಿನದ ಪಾಲು ಮುಗಿದಂತೆಯೇ. ಗದಗ ಸೀಮೆಯಲ್ಲಿ ಕೀಟೋ ಎಂದರೆ ರೊಟ್ಟಿ ಕಡಿಮೆ ಮಾಡುವುದಲ್ಲ, ರೊಟ್ಟಿ ಬಿಡುವುದು. ಸಂಜೆಯ ಗಿರ್ಮಿಟ್ಟು, ಮಿರ್ಚಿ ಭಜಿಗಳ ಮಾತು ಹಾಗಿರಲಿ!

ದಪ್ಪ ಮೈಯನ್ನೂ ಸಿಹಿಮೂತ್ರವನ್ನೂ ಆಹಾರದಿಂದ ತಿದ್ದಬಹುದೆಂಬ ವಿಚಾರ ನಮ್ಮ ದೇಶಕ್ಕೆ ಹೊಸದಲ್ಲ. ಚರಕಸಂಹಿತೆ ಅತಿಸ್ಥೂಲ ದೇಹವನ್ನು ನಿಂದ್ಯವಾದ ಎಂಟು ಬಗೆಯ ದೇಹಗಳಲ್ಲಿ ಒಂದಾಗಿ ಎಣಿಸುತ್ತದೆ; ಪ್ರಮೇಹಿಗಳಿಗೆ ಜವೆಗೋದಿಯನ್ನು ಮುಖ್ಯ ಆಹಾರವಾಗಿ ವಿಧಿಸುತ್ತದೆ. ಸುಶ್ರುತನಂತೂ ಬಡ ಪ್ರಮೇಹಿಗೆ ಔಷಧದ ಬದಲು ನೂರು ಯೋಜನ ನಡೆಯಲು ಇಲ್ಲವೇ ಬಾವಿ ತೋಡಲು ಹೇಳಿದ. ಈ ಭಾಗವನ್ನು ಓದಿದಾಗಲೆಲ್ಲ ನನಗೆ ನಗೆಯೂ ಬರುತ್ತದೆ, ಗೌರವವೂ ಮೂಡುತ್ತದೆ. ಗುಳಿಗೆ ಇಲ್ಲದ ಕಾಲದಲ್ಲಿ ಗುದ್ದಲಿಯನ್ನೇ ಬರೆದುಕೊಟ್ಟ ವೈದ್ಯ ಅವನು.

ಯುರೋಪಿನಲ್ಲಿ ಈ ಕಥೆಗೆ ಪ್ರಸಿದ್ಧಿ ತಂದವನು ವೈದ್ಯನಲ್ಲ. ಲಂಡನ್ನಿನಲ್ಲಿ ಶವಸಂಸ್ಕಾರದ ವೃತ್ತಿ ನಡೆಸುತ್ತಿದ್ದ ವಿಲಿಯಂ ಬ್ಯಾಂಟಿಂಗ್. ಅರವತ್ತೈದರ ವಯಸ್ಸಿನಲ್ಲಿ ಅವನ ತೂಕ 202 ಪೌಂಡು, ಅಂದರೆ ಸುಮಾರು 92 ಕಿಲೋ. ಎತ್ತರ ಐದಡಿ ಐದಂಗುಲ. ಕಿವಿ ಮಂದವಾಯಿತೆಂದು ವಿಲಿಯಂ ಹಾರ್ವೆ ಎಂಬ ವೈದ್ಯರಲ್ಲಿಗೆ ಹೋದಾಗ, ಅವರು ಬ್ರೆಡ್ಡು, ಸಕ್ಕರೆ, ಬಟಾಟೆ, ಬಿಯರ್ ಮುಂತಾದುವನ್ನು ಬಿಡಲು ಹೇಳಿದರು. ಯಕೃತ್ತಿಗೂ ಸಕ್ಕರೆಗೂ ಇರುವ ಸಂಬಂಧದ ಕುರಿತು ಪ್ಯಾರಿಸ್ಸಿನಲ್ಲಿ ಕ್ಲಾಡ್ ಬರ್ನಾರ್ ನೀಡಿದ ಉಪನ್ಯಾಸವನ್ನು ಹಾರ್ವೆ ಕೇಳಿದ್ದರು. ವರ್ಷ ಕಳೆಯುವುದರೊಳಗೆ 46 ಪೌಂಡು ಇಳಿಸಿಕೊಂಡ ಬ್ಯಾಂಟಿಂಗ್ 1863ರಲ್ಲಿ ತನ್ನ ಅನುಭವವನ್ನು ಚಿಕ್ಕ ಹೊತ್ತಗೆಯಾಗಿ ಅಚ್ಚು ಹಾಕಿಸಿ ಹಂಚಿದ. ಅವನ ಹೆಸರೇ ಇಂಗ್ಲಿಷಿನಲ್ಲಿ ಪಥ್ಯಮಾಡು ಎಂಬರ್ಥದ ಕ್ರಿಯಾಪದವಾಯಿತು.

ಆದರೆ ಕೀಟೋ ಎಂಬ ಹೆಸರಿನ ಪಥ್ಯ ಹುಟ್ಟಿದ್ದು ತೂಕ ಇಳಿಸುವುದಕ್ಕಲ್ಲ. ಈ ಮಾತನ್ನು ನನ್ನ ಶಿಷ್ಯರು ಗಮನಿಸಬೇಕು. ಮೂರ್ಛೆ ರೋಗಿಗಳು ಉಪವಾಸವಿದ್ದಾಗ ಅವರ ಸೆಳವು ಕಡಿಮೆಯಾಗುತ್ತದೆಂಬುದು ಹಳೆಯ ಅರಿವು. 1911ರಲ್ಲಿ ಪ್ಯಾರಿಸ್ಸಿನ ಗೆಲ್ಪಾ ಮತ್ತು ಮಾರಿ ಎಂಬ ವೈದ್ಯರು ಇದನ್ನು ವರದಿ ಮಾಡಿದರು. ಆದರೆ ಮಗುವನ್ನು ಎಷ್ಟು ದಿನ ಉಪವಾಸ ಕೆಡವಲಾದೀತು? 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ರಸೆಲ್ ವೈಲ್ಡರ್ ಇದಕ್ಕೊಂದು ಉಪಾಯ ಹುಡುಕಿದರು. ಊಟ ಕೊಡುತ್ತಲೇ, ತಾನು ಉಪವಾಸದಲ್ಲಿದ್ದೇನೆಂದು ದೇಹ ಭಾವಿಸುವಂತೆ ಮಾಡಬೇಕು; ಅದಕ್ಕೆ ಪಿಷ್ಟವನ್ನು ತೆಗೆದು ಕೊಬ್ಬನ್ನು ಕೊಡಬೇಕು. ಕೀಟೋಜೆನಿಕ್ ಎಂಬ ಹೆಸರಿಟ್ಟವರೂ ಅವರೇ. 1925ರಲ್ಲಿ ಅದೇ ಸಂಸ್ಥೆಯ ಪೀಟರ್‌ಮನ್ ಲೆಕ್ಕ ಕಟ್ಟಿಕೊಟ್ಟರು: ಮಗುವಿನ ಪ್ರತಿ ಕಿಲೋ ತೂಕಕ್ಕೆ ಒಂದು ಗ್ರಾಂ ಸಸಾರಜನಕ, ದಿನಕ್ಕೆ 10ರಿಂದ 15 ಗ್ರಾಂ ಪಿಷ್ಟ, ಮಿಕ್ಕಿದ್ದೆಲ್ಲ ಕೊಬ್ಬು. 1938ರಲ್ಲಿ ಫೆನಿಟಾಯಿನ್ ಗುಳಿಗೆ ಬಂದ ಮೇಲೆ ಈ ಕಷ್ಟದ ಪಥ್ಯ ಮೂಲೆಗೆ ಸರಿಯಿತು. 1990ರ ದಶಕದಲ್ಲಿ, ಗುಳಿಗೆಗಳಿಗೆ ಬಗ್ಗದ ಸೆಳವಿನಿಂದ ನರಳುತ್ತಿದ್ದ ಚಾರ್ಲಿ ಎಂಬ ಬಾಲಕ ಇದರಿಂದ ಚೇತರಿಸಿಕೊಂಡಾಗ, ಚಲನಚಿತ್ರ ನಿರ್ದೇಶಕನಾಗಿದ್ದ ಅವನ ತಂದೆ ಜಿಮ್ ಏಬ್ರಹಾಮ್ಸ್ ಅದನ್ನು ಮತ್ತೆ ಲೋಕದ ಕಣ್ಣಿಗೆ ತಂದ. 2008ರಲ್ಲಿ ಇಂಗ್ಲೆಂಡಿನಲ್ಲಿ 145 ಮಕ್ಕಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ಪಥ್ಯದಲ್ಲಿದ್ದ ಮಕ್ಕಳಲ್ಲಿ ಶೇಕಡಾ 38ರಷ್ಟು ಮಂದಿಗೆ ಸೆಳವು ಅರ್ಧಕ್ಕಿಂತ ಹೆಚ್ಚು ಇಳಿದಿತ್ತು, ಪಥ್ಯವಿಲ್ಲದವರಲ್ಲಿ ಹಾಗಾದದ್ದು ಶೇಕಡಾ 6 ಮಂದಿಗೆ ಮಾತ್ರ. ತೂಕ ಇಳಿಸುವವರ ಕೈಗೆ ಇಂಥ ಪಥ್ಯ ಬಂದದ್ದು ಬೇರೆ ದಾರಿಯಿಂದ, 1972ರಲ್ಲಿ ಪ್ರಕಟವಾದ ಡಾ. ಅಟ್ಕಿನ್ಸರ ಪುಸ್ತಕದ ಮೂಲಕ.

ಮಧುಮೇಹದ ಕಥೆ ಇನ್ನೂ ದಾರುಣ. ಇನ್ಸುಲಿನ್ ಬರುವ ಮೊದಲು ಅಮೆರಿಕದಲ್ಲಿ ಫ್ರೆಡರಿಕ್ ಅಲೆನ್ ಎಂಬ ವೈದ್ಯರು ಮಧುಮೇಹಿ ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು ಆಯುಷ್ಯವನ್ನು ಒಂದೆರಡು ವರ್ಷ ಎಳೆಯುತ್ತಿದ್ದರು. 1922ರ ಜನವರಿಯಲ್ಲಿ ಟೊರೊಂಟೊ ನಗರದಲ್ಲಿ ಮೊದಲ ಇನ್ಸುಲಿನ್ ಚುಚ್ಚಿಸಿಕೊಂಡ ಹದಿನಾಲ್ಕರ ಬಾಲಕನೂ ಎಲುಬಿನ ಹಂದರವೇ ಆಗಿದ್ದ.

ಹೀಗೆ ಕೀಟೋ ಎಂಬುದು ಮೂಲದಲ್ಲಿ ಉಪವಾಸದ ಅನುಕರಣೆ. ಹಸಿವನ್ನು ಆಸ್ಪತ್ರೆಯೊಳಗೆ ತಂದು ಅಳತೆ ಮಾಡಿ ಕೊಟ್ಟದ್ದು. ನಮ್ಮ ಸೀಮೆಗಾದರೋ ಅಳತೆಯಿಲ್ಲದ ಹಸಿವೇ ಪರಿಚಯ.

1791-92ರ ಬರಕ್ಕೆ ನಮ್ಮ ಜನ ಡೋಗಿ ಬರ ಎಂದು ಹೆಸರಿಟ್ಟರು. ಸತ್ತವರ ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದ ಬರ ಅದು. 1876ರಲ್ಲಿ ಧಾತು ಸಂವತ್ಸರದಲ್ಲಿ ಮಳೆ ಕೈಕೊಟ್ಟಾಗ ನಮ್ಮ ಈ ಊರುಗಳು ಒಂದೇ ಸರಕಾರದ ಅಧೀನದಲ್ಲಿರಲಿಲ್ಲ. ಗದಗ-ಬೆಟಗೇರಿ, ಮುಂಡರಗಿಗಳು ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿ, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿ, ಲಕ್ಷ್ಮೇಶ್ವರ ಮೀರಜ ಸಂಸ್ಥಾನದಲ್ಲಿ. ಗಡಿ ಬೇರೆಯಾದರೂ ಆಕಾಶ ಒಂದೇ. ಬರಗಾಮಗಾರಿಯ ಆಳಿಗೆ ಕೊಡುವ ಕೂಲಿಯನ್ನು ಸರ್ ರಿಚರ್ಡ್ ಟೆಂಪಲ್ 1877ರ ಆರಂಭದಲ್ಲಿ ಇಳಿಸಿದ. ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೆ ಪುಡಿಗಾಸು. ಮುಂಬಯಿ ಪ್ರಾಂತ್ಯದ ಕಾಮಗಾರಿಗಳಲ್ಲಿ ಕೂಲಿಕಾರರು ಗುಂಪುಗುಂಪಾಗಿ ಕೆಲಸ ಬಿಟ್ಟು ನಡೆದರು. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್, ಈ ಕೂಲಿ ದುಡಿಯುವ ದೇಹಕ್ಕೆ ಸಾಲದೆಂದು ಪಟ್ಟುಹಿಡಿದು ವಾದಿಸಿದ. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಧಾರವಾಡ ಜಿಲ್ಲೆಯ ಜನಸಂಖ್ಯೆ ಸುಮಾರು ಒಂದು ಲಕ್ಷದಷ್ಟು ಕುಗ್ಗಿತು. 1884ರಲ್ಲಿ ಗದಗ-ಹೊಟಗಿ ರೈಲುದಾರಿ ತೆರೆದದ್ದು ಈ ಬರದ ಪಾಠದಿಂದಲೇ.

ಆ ಒಂದು ಪೌಂಡಿನ ಮೇಲೆ ಸ್ವಲ್ಪ ನಿಲ್ಲೋಣ. ಅದು ಸುಮಾರು 450 ಗ್ರಾಂ. ಜೋಳವೆಂದು ಹಿಡಿದರೆ ಅದರಲ್ಲಿ 300 ಗ್ರಾಂ ಪಿಷ್ಟ! ಇಂದಿನ ಕೀಟೋ ಲೆಕ್ಕದಲ್ಲಿ ಅದು ಆರು ದಿನಗಳಿಂದ ಹದಿನೈದು ದಿನಗಳವರೆಗಿನ ಪಾಲು. ಅಷ್ಟು ಪಿಷ್ಟ ತಿಂದೂ ಆ ಜನ ಮೂಳೆ ಚಕ್ಕಳವಾದರು. ಏಕೆಂದರೆ ದಿನವಿಡೀ ಕಲ್ಲು ಒಡೆದು ಮಣ್ಣು ಹೊರುವ ದೇಹಕ್ಕೆ ಅದರಿಂದ ಸಿಗುತ್ತಿದ್ದ ಸುಮಾರು 1,500 ಕ್ಯಾಲೊರಿ ಎಲ್ಲಿಗೂ ಸಾಲದು. ಪಿಷ್ಟವೊಂದೇ ಮೈಯನ್ನು ದಪ್ಪ ಮಾಡುವುದಾದರೆ ಧಾತು ಬರದಲ್ಲಿ ಯಾರೂ ಸಾಯಬೇಕಾಗಿರಲಿಲ್ಲ. ಹಿರಿಯರು ರೊಟ್ಟಿಯಿಂದಲೇ ತೆಳ್ಳಗಿದ್ದರೆನ್ನುವವರೂ ಈ ಲೆಕ್ಕವನ್ನು ನೋಡಬೇಕು. ಅವರನ್ನು ತೆಳ್ಳಗಿಟ್ಟದ್ದು ದುಡಿಮೆ ಮತ್ತು ಕೊರತೆ. ಅದನ್ನು ಆರೋಗ್ಯಸೂತ್ರವೆಂದು ಕೊಂಡಾಡುವುದು ನನಗೆ ಸರಿ ಕಾಣುವುದಿಲ್ಲ.

ನಾನು ಸ್ವತಃ ಕಂಡದ್ದು 1972ರ ಬರ. ಆಗ ನಾನು ಶಾಲೆಯ ಬಾಲಕ. ಹೊರದೇಶದ ಕೆಂಪು ಜೋಳದ ರೊಟ್ಟಿ ತಟ್ಟಲು ಬಾರದೆ ಅವ್ವ ಹೆಂಚಿನ ಮುಂದೆ ಕುಳಿತು ಬಯ್ಯುತ್ತಿದ್ದುದೂ, ಶಾಲೆಯಲ್ಲಿ ಹಂಚುತ್ತಿದ್ದ ಕೇರ್ ಉಪ್ಪಿಟ್ಟಿಗೆ ನಾವು ತಾಟು ಹಿಡಿದು ಸಾಲುಗಟ್ಟುತ್ತಿದ್ದುದೂ ನೆನಪಿದೆ. ನಮ್ಮ ಕಡೆ ಆಗ ಅನ್ನವೆಂಬುದು ಹಬ್ಬಕ್ಕೆ, ಬೀಗರಿಗೆ, ಜ್ವರ ಬಂದವರಿಗೆ. ಹೊಲಕ್ಕೆ ಹೋಗುವವರ ಬುತ್ತಿಯಲ್ಲಿ ಮೂರೋ ನಾಲ್ಕೋ ರೊಟ್ಟಿ, ನಡುವೆ ಪುಂಡಿಪಲ್ಯ, ಒಂದು ಉಳ್ಳಾಗಡ್ಡಿ, ಗುರೆಳ್ಳು ಇಲ್ಲವೇ ಅಗಸಿ ಹಿಂಡಿ. ದಿನಕ್ಕೆ ಏಳೆಂಟು ರೊಟ್ಟಿ ತಿನ್ನುವ ಆಳು ಅಪರೂಪವಾಗಿರಲಿಲ್ಲ. ಅವನು ಹರಗುತ್ತಿದ್ದ, ರಾಶಿ ಮಾಡುತ್ತಿದ್ದ, ಸಂತೆಗೆ ನಡೆದೇ ಹೋಗುತ್ತಿದ್ದ. ಅವನ ಹೆಂಡತಿ ಕೋಳಿ ಕೂಗುವ ಮೊದಲೇ ಎದ್ದು ಬೀಸುತ್ತಿದ್ದಳು. ಬೆಟಗೇರಿಯಲ್ಲಿ ಕುಣಿಮಗ್ಗದ ಸದ್ದು ಹೊತ್ತು ಮುಳುಗುವವರೆಗೂ ನಿಲ್ಲುತ್ತಿರಲಿಲ್ಲ.

ಮುಂದೆ ಒಂದೊಂದೇ ಬದಲಾವಣೆ ಬಂತು. ಬೀಸುವ ಕಲ್ಲಿನ ಜಾಗಕ್ಕೆ ಗಿರಣಿ, ಚಕ್ಕಡಿಯ ಜಾಗಕ್ಕೆ ಟ್ರ್ಯಾಕ್ಟರು ಮತ್ತು ಬೈಕು. ದೇಶದಲ್ಲಿ 1970-71ರ ಸುಮಾರಿಗೆ ಒಂದೂಮುಕ್ಕಾಲು ಕೋಟಿ ಹೆಕ್ಟೇರಿನಲ್ಲಿ ಜೋಳ ಬೆಳೆಯುತ್ತಿದ್ದರು. ಈಗ ಅದು ಅರ್ಧ ಕೋಟಿ ಹೆಕ್ಟೇರಿಗೂ ಕಡಿಮೆ. 2013ರಲ್ಲಿ ಅನ್ನಭಾಗ್ಯ ಬಂದು ಅಕ್ಕಿ ಎಲ್ಲರ ಮನೆ ಸೇರಿತು. ಹಸಿವಿನ ಚರಿತ್ರೆ ಬಲ್ಲ ಯಾರೂ ಅದನ್ನು ಹಗುರವಾಗಿ ನೋಡಲಾರರು, ನಾನಂತೂ ನೋಡಲಾರೆ. ಆದರೆ ದುಡಿಮೆ ಇಳಿದ ಕಾಲದಲ್ಲಿಯೇ ತಾಟಿನಲ್ಲಿ ಪಿಷ್ಟ ಹಾಗೇ ಉಳಿಯಿತು, ಮೇಲೆ ಚಹಾದ ಸಕ್ಕರೆ, ಬೇಕರಿಯ ತಿಂಡಿ ಕೂಡಿಕೊಂಡವು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು ಅಂದಾಜಿಸಿತು. ನಮ್ಮವರ ಆಹಾರಶಕ್ತಿಯಲ್ಲಿ ಶೇಕಡಾ 62ರಷ್ಟು ಪಿಷ್ಟ, ಸಕ್ಕರೆಗಳಿಂದಲೇ ಬರುತ್ತದೆಂದು ಅದೇ ಸಮೀಕ್ಷೆಯ 2025ರ ಲೇಖನ ಹೇಳಿತು.

ಈ ಅಂಕಿಗಳು ಮನೆಯೊಳಗೆ ಬಂದರೆ ಹೇಗಿರುತ್ತವೆಂಬುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ, ಹೆಸರು ಬೇಡ. ಬೆಟಗೇರಿಯ ನೇಕಾರರ ಮನೆತನದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಅಂಗಡಿ ಇಟ್ಟುಕೊಂಡಿದ್ದಾನೆ. ವಯಸ್ಸು ನಲವತ್ತೆಂಟು, ಮಧುಮೇಹಕ್ಕೆ ಗ್ಲಿಮೆಪಿರೈಡ್ ಗುಳಿಗೆ ನಡೆದಿತ್ತು. ಮೊಬೈಲಿನಲ್ಲಿ ನೋಡಿ ಕೀಟೋ ಆರಂಭಿಸಿದ. ರೊಟ್ಟಿ, ಅನ್ನ ಎರಡನ್ನೂ ಬಿಟ್ಟ. ಗುಳಿಗೆ ಮಾತ್ರ ಮೊದಲಿನಷ್ಟೇ ನುಂಗುತ್ತಿದ್ದ. ಒಂದು ಮಧ್ಯಾಹ್ನ ಮನೆಯಲ್ಲಿಯೇ ಬೆವೆತು, ನಡುಗಿ, ಮಾತು ತೊದಲಿ ಕುಸಿದ. ತಾಯಿ ಬೆಲ್ಲದ ನೀರು ಕುಡಿಸಿದ ಮೇಲೆ ಚೇತರಿಸಿಕೊಂಡ. ಅಂದಿನಿಂದ ತಾಯಿ, ಮಗ ರೊಟ್ಟಿ ಮುಟ್ಟುವವರೆಗೆ ತಾನೂ ಊಟ ಮಾಡುವುದಿಲ್ಲವೆಂದು ಕುಳಿತುಬಿಟ್ಟರು. ಎರಡನೆಯ ದಿನ ನನ್ನನ್ನು ಕರೆಸಿದರು.

"ಮಾಸ್ತರ, ನಮ್ಮ ಮನಿ ರೊಟ್ಟಿ ವಿಷಾ ಆತೇನ್ರಿ? ಇವರಪ್ಪ ದಿನಾ ಎಂಟು ರೊಟ್ಟಿ ತಿಂದು ಮಗ್ಗಾ ನೇಯ್ತಿದ್ರು. ಅವರಿಗೆ ಸಕ್ಕರಿ ಬ್ಯಾನಿ ಎಲ್ಲಿತ್ತರಿ?" ಎಂದು ಆ ತಾಯಿ ಕೇಳಿದರು.

ಮಗ ತಲೆ ತಗ್ಗಿಸಿ, "ಸರ್, ನಮ್ಮ ಕಾಕಾನ ಕಾಲು ತಗದಿದ್ದನ್ನ ನೀವೂ ನೋಡೀರಿ. ನಾ ಒಂಬತ್ತು ಕಿಲೋ ಇಳಿದೇನಿ. ಮತ್ತ ಆ ದಾರಿಗೇ ಹೋಗ್ಲೇನ್ರಿ?" ಎಂದ.

ಇಬ್ಬರ ಮಾತೂ ಸುಳ್ಳಲ್ಲ. "ಅಕ್ಕಾರ, ರೊಟ್ಟಿ ವಿಷ ಅಲ್ರಿ. ಆದರ ಎಂಟು ರೊಟ್ಟಿ ಕರಗಸೂ ಮಗ್ಗ ಈಗ ಮನಿಯಾಗ ಇಲ್ಲ" ಎಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಮರುದಿನ ಮೂವರೂ ಕೂಡಿ ವೈದ್ಯರಲ್ಲಿಗೆ ಹೋದೆವು. ಅವರು ಮೊದಲು ಮಾಡಿದ ಕೆಲಸ ಗುಳಿಗೆಯನ್ನು ಅರ್ಧಕ್ಕಿಳಿಸಿದ್ದು. ಪಿಷ್ಟ ತೆಗೆದ ಮೇಲೂ ಸಕ್ಕರೆ ಇಳಿಸುವ ಗುಳಿಗೆಯನ್ನೋ ಇನ್ಸುಲಿನ್ನನ್ನೋ ಮೊದಲಿನಂತೆ ತೆಗೆದುಕೊಂಡರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯುತ್ತದೆಂದು ತಾಯಿಗೂ ತಿಳಿಯುವಂತೆ ವಿವರಿಸಿದರು. ಮೂತ್ರದ ಮೂಲಕ ಸಕ್ಕರೆ ಹೊರಹಾಕುವ ಈಚಿನ ಗುಳಿಗೆಗಳನ್ನು ನುಂಗುವವರು ಕೀಟೋ ಮಾಡಿದರೆ ರಕ್ತ ಆಮ್ಲೀಯವಾಗುವ ಬೇರೊಂದು ಅಪಾಯವಿದೆಯೆಂದೂ, ಅದು ಸಕ್ಕರೆಯ ಅಂಕಿ ಸರಿಯಿದ್ದಾಗಲೂ ಬರಬಹುದೆಂದೂ ಎಚ್ಚರಿಸಿದರು. ಮೂತ್ರಪಿಂಡದಲ್ಲಿ ಹರಳು, ಮಲಬದ್ಧತೆ, ಕೆಲವರಲ್ಲಿ ಕೆಟ್ಟ ಕೊಲೆಸ್ಟರಾಲಿನ ಏರಿಕೆ, ಇವೂ ಈ ಪಥ್ಯದ ಜೊತೆಗೆ ಬರುತ್ತವೆ. ಈ ಲೇಖನ ಓದುವ ನನ್ನ ಶಿಷ್ಯರಲ್ಲಿ ಗುಳಿಗೆ ನುಂಗುವವರು ಅನೇಕರಿದ್ದೀರಿ. ವೈದ್ಯರನ್ನು ಕೇಳದೆ ಈ ಪ್ರಯೋಗಕ್ಕೆ ಇಳಿಯಬೇಡಿ.

ಹಾಗಾದರೆ ಪಿಷ್ಟ ಇಳಿಸುವುದು ವ್ಯರ್ಥವೇ? ಖಂಡಿತ ಅಲ್ಲ. 2008ರಲ್ಲಿ ಪ್ರಕಟವಾದ ಇಸ್ರೇಲಿನ ಎರಡು ವರ್ಷಗಳ ಪ್ರಯೋಗದಲ್ಲಿ, ಪಿಷ್ಟ ಇಳಿಸಿದವರು ಸರಾಸರಿ 4.7 ಕಿಲೋ, ಕೊಬ್ಬು ಇಳಿಸಿದವರು 2.9 ಕಿಲೋ ತೂಕ ಕಳೆದುಕೊಂಡರು. ಅಲ್ಲಿ ಪಿಷ್ಟವನ್ನು ದಿನಕ್ಕೆ 20 ಗ್ರಾಮಿಗೆ ಇಳಿಸಿದ್ದು ಮೊದಲ ಎರಡು ತಿಂಗಳು ಮಾತ್ರ. ಕಾಳು, ಪಲ್ಯ, ಆಲಿವ್ ಎಣ್ಣೆಯ ಮೆಡಿಟರೇನಿಯನ್ ಊಟದವರೂ 4.4 ಕಿಲೋ ಇಳಿದಿದ್ದರು. ನಮ್ಮ ದೇಶದ ಸಂಶೋಧಕರು 2022ರಲ್ಲಿ ಲೆಕ್ಕ ಹಾಕಿ, ಹೊಸದಾಗಿ ಮಧುಮೇಹ ಬಂದವರು ರೋಗವನ್ನು ಹಿಮ್ಮೆಟ್ಟಿಸಲು ಪಿಷ್ಟದ ಪಾಲನ್ನು ಶೇಕಡಾ 49ರಿಂದ 54ಕ್ಕೆ ತಂದು ಸಸಾರಜನಕವನ್ನು ಹೆಚ್ಚಿಸಬೇಕೆಂದರು. ಕೀಟೋಗೆ ಹೋಲಿಸಿದರೆ ಇದು ಬಹಳ ಸೌಮ್ಯ ಸಲಹೆ. ಕಟ್ಟುನಿಟ್ಟಿನ ಕೀಟೋವನ್ನು ನಾನು ಔಷಧವೆಂದೇ ತಿಳಿಯುತ್ತೇನೆ. ಬೇಕಾದವರಿಗೆ, ಬೇಕಾದಷ್ಟು ಕಾಲ, ವೈದ್ಯರ ಕಣ್ಣೆದುರು. ಉಳಿದವರಿಗೆ ರೊಟ್ಟಿಯನ್ನು ಅರ್ಧಕ್ಕಿಳಿಸಿ ಪಲ್ಯವನ್ನು ಇಮ್ಮಡಿ ಮಾಡುವುದೇ ದೊಡ್ಡ ಪಥ್ಯ.

ಇದಕ್ಕೆ ಬಾದಾಮಿ ಹಿಟ್ಟು, ಚೀಸು, ಬೆಣ್ಣೆಹಣ್ಣುಗಳನ್ನು ಹುಡುಕಿಕೊಂಡು ಹುಬ್ಬಳ್ಳಿಗೆ ಹೋಗಬೇಕಾಗಿಲ್ಲ. ನಮ್ಮ ತಾಟಿನಲ್ಲಿ ರೊಟ್ಟಿಯ ಸುತ್ತ ಇರುವುದನ್ನು ನೋಡಿ. ಶೇಂಗಾದಲ್ಲಿ ನಾಲ್ಕನೆಯ ಒಂದು ಪಾಲು ಸಸಾರಜನಕ, ಐದರಲ್ಲಿ ಎರಡು ಪಾಲು ಕೊಬ್ಬು. ಅಗಸಿಯಲ್ಲಿ ಮೂರನೆಯ ಒಂದು ಪಾಲಿಗೂ ಹೆಚ್ಚು ಕೊಬ್ಬು, ಬೇಕಾದಷ್ಟು ನಾರು. ಗುರೆಳ್ಳು, ಮೊಸರು, ಬೆಣ್ಣೆ, ಎಣ್ಣೆಗಾಯಿ, ಪುಂಡಿ, ಮೆಂತೆ, ಹಸಿಯಾಗಿ ತಿನ್ನುವ ಹಕ್ಕರಿಕೆ, ಮೂಲಂಗಿ, ಸವತಿ! ಬಡತನದಲ್ಲಿ ಇವೆಲ್ಲ ರೊಟ್ಟಿಗೆ ನಂಜಿಕೊಳ್ಳುವಷ್ಟು ಮಾತ್ರ ಇರುತ್ತಿದ್ದವು. ಈಗ ರೊಟ್ಟಿಯನ್ನೇ ಇವುಗಳಿಗೆ ನಂಜಿಕೊಂಡರಾಯಿತು. ಇದರಿಂದ ಪರಂಪರೆ ಕೆಡುತ್ತದೆಂದು ಹೆದರುವವರಿಗೆ ಒಂದು ಮಾತು: ಶೇಂಗಾವೂ ಮೆಣಸಿನಕಾಯಿಯೂ ಅಮೆರಿಕ ಖಂಡದಿಂದ ಬಂದವು, ನಮ್ಮ ಜೋಳವೇ ಸಾವಿರಾರು ವರ್ಷಗಳ ಹಿಂದೆ ಆಫ್ರಿಕದಿಂದ ಬಂದದ್ದು.

ಕಷ್ಟವಿರುವುದು ಪಂಕ್ತಿಯಲ್ಲಿ. ಮುಂಡರಗಿಯ ಮಠದ ಹೆಸರೇ ಅನ್ನದಾನೀಶ್ವರ. ಶಿರಹಟ್ಟಿಯ ಫಕೀರೇಶ್ವರ ಮಠದಲ್ಲಾಗಲಿ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಾಗಲಿ ಬಂದವರನ್ನು ಉಣಿಸದೆ ಕಳಿಸುವುದಿಲ್ಲ. ಪದೇ ಪದೇ ಬರ ಕಂಡ ನಾಡಿನಲ್ಲಿ ಅನ್ನ ನೀಡುವುದೇ ಪರಮಧರ್ಮವಾಯಿತು, ಬೇಡವೆನ್ನುವುದು ಅವಮಾನವಾಯಿತು. ಬಡಿಸುವ ತಾಯಂದಿರು "ಇನ್ನೊಂದು" ಎಂದು ಒತ್ತಾಯಿಸುವುದರ ಹಿಂದೆ ಅವರ ಅಜ್ಜಿಯರ ಹಸಿವಿದೆ. ಆದ್ದರಿಂದ ಎಲೆಯ ಮೇಲೆ ಕೈ ಅಡ್ಡ ಹಿಡಿದು ಕೀಟೋ ಎನ್ನುವ ಬದಲು, "ಅರ್ಧಾ ರೊಟ್ಟಿ ಸಾಕ್ರಿ, ಪಲ್ಯ ಇನ್ನಷ್ಟು ನೀಡ್ರಿ" ಎನ್ನಿ. ನಾನು ಹಾಗೆಯೇ ಮಾಡುತ್ತಿದ್ದೇನೆ, ಯಾರೂ ಮುನಿದಿಲ್ಲ. ಬೆಟಗೇರಿಯ ಆ ತಾಯಿ ಈಗ ಮಗನಿಗೆಂದು ಹಾಳೆಯಂಥ ತೆಳ್ಳನೆಯ ರೊಟ್ಟಿ ತಟ್ಟುತ್ತಾರೆ, ಮಧ್ಯಾಹ್ನಕ್ಕೆ ಒಂದು. ರಾತ್ರಿ ಹೆಸರುಕಾಳು, ಸೊಪ್ಪು, ಮಜ್ಜಿಗೆ.

ನಿಮ್ಮಲ್ಲಿ ಒಂದು ಕೋರಿಕೆ ಇದೆ. ನಿಮ್ಮ ಮನೆಗಳಲ್ಲಿ ಹಳೆಯ ಖಾತೆಪುಸ್ತಕಗಳಿದ್ದರೆ, ವರ್ಷಕ್ಕೆ ಎಷ್ಟು ಚೀಲ ಜೋಳ ಹಗೇವಿಗೆ ಇಳಿಯುತ್ತಿತ್ತು, ಎಷ್ಟು ಜನ ಉಣ್ಣುತ್ತಿದ್ದರು, ಅಕ್ಕಿ ಎಷ್ಟು ಸೇರು ಬರುತ್ತಿತ್ತು ಎಂಬುದನ್ನು ಹಿರಿಯರ ಹತ್ತಿರ ಕುಳಿತು ಓದಿಸಿ, ಬರೆದು ಕಳುಹಿಸಿ. 1972ನ್ನು ಕಂಡವರು ಇನ್ನೂ ಅನೇಕ ಮನೆಗಳಲ್ಲಿ ಇದ್ದಾರೆ. ಬಂದ ಲೆಕ್ಕಗಳನ್ನು ಕೂಡಿಸಿಕೊಂಡು ಹಗೇವುಗಳ ಬಗೆಗೆ ಮುಂದೊಮ್ಮೆ ಬರೆಯುವೆನು.